ಪಡು ನಿಲ್ದಾಣದಿಂದ ಮೂಡು ನಿಲ್ದಾಣಕ್ಕೆ

ಎರಡು ಊರುಗಳ ಹೆಸರು ಹೇಳಿ, ನಡುವೆ ವಿಮಾನಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ನಾನು ಕಂಪ್ಯೂಟರ್ ನೋಡುವುದಿಲ್ಲ. ಕುವೈತಿನ ಶರ್ಕ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಟ್ರಾವೆಲ್ ಆಫೀಸಿನಲ್ಲಿ ಕುಳಿತು ಟಿಕೆಟ್ ಮಾಡಿದವನು ನಾನು. ಲೆಕ್ಕ ಸುಲಭ. ಗೋಡೆಯ ಮೇಲಿನ ಭೂಪಟದಲ್ಲಿ ದೂರವನ್ನು ಕಣ್ಣಳತೆಯಲ್ಲಿ ಹಿಡಿಯಬೇಕು, ಕಿಲೋಮೀಟರನ್ನು ಎಂಟುನೂರರಿಂದ ಭಾಗಿಸಬೇಕು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಬೇಕು. ಹತ್ತು ನಿಮಿಷ ಆಚೀಚೆ ಆದೀತು, ಅಷ್ಟೆ. ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಹೋದ ಮೇಲೆ, ಅಳಿದೂರಿಗೆ ಉಳಿದವನೇ ಗೌಡ ಎಂಬಂತೆ ಈಗ ಆಫೀಸಿಗೆ ನಾನೇ ಹಿರಿಯ.

ಪಕ್ಕದ ಟೇಬಲಿನಲ್ಲಿ ವೀಸಾ ಕೆಲಸ ನೋಡಿಕೊಳ್ಳುವವರು ಉಳ್ಳಾಲ ಕಡೆಯ ಬ್ಯಾರಿ ಮುಸಲ್ಮಾನರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅವರನ್ನು ಭಾಯಿ ಎನ್ನುತ್ತೇನೆ. ಗಿರಾಕಿಗಳ ಎದುರು ನನ್ನನ್ನು ಪರೀಕ್ಷೆಗೆ ಕೂರಿಸುವುದು ಅವರಿಗೆ ಮಜಾ. “ಇವರನ್ನು ಕೇಳಿ ನೋಡಿ, ಕಂಪ್ಯೂಟರಿಗಿಂತ ಫಾಸ್ಟ್” ಎನ್ನುತ್ತಾರೆ. ನಾನು ಹೇಳುತ್ತೇನೆ, ಗಿರಾಕಿ ಫೋನಿನಲ್ಲಿ ನೋಡಿ ತಲೆಯಾಡಿಸುತ್ತಾನೆ, ನನ್ನ ಎದೆ ಒಂದು ಇಂಚು ಉಬ್ಬುತ್ತದೆ. ಈ ಉಬ್ಬಿದ ಎದೆಯೇ ಕಳೆದ ಜನವರಿಯಲ್ಲಿ ನನ್ನ ಪ್ರಾಣ ಹಿಂಡಿದ್ದು. ಈಗ ನೆನೆದರೆ ನಗು ಬರುತ್ತದೆ. ಅಂದು ಬಂದಿರಲಿಲ್ಲ.

ನನ್ನ ಹೆಂಡತಿ ವಯಸ್ಸಾದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಕೆಲಸ ಕಲಿತವಳು. ಸಾಲ್ಮಿಯಾದಲ್ಲಿ ನಮ್ಮ ಫ್ಲ್ಯಾಟಿನಿಂದ ಎರಡು ಬೀದಿ ಆಚೆ ಒಂದು ಕುವೈತಿ ಮನೆಗೆ ಆರು ವರ್ಷದಿಂದ ದಿನಾ ಬೆಳಿಗ್ಗೆ ಹೋಗುತ್ತಾಳೆ. ಆ ಮನೆಯ ಯಜಮಾನಿಗೆ ಎಪ್ಪತ್ತಾರು ವರ್ಷ. ಮನೆಮಂದಿ, ಡ್ರೈವರ್, ಅಡುಗೆಯವಳು ಎಲ್ಲರೂ ಆಕೆಯನ್ನು ಅಮ್ಮ ಎನ್ನುವ ಅರ್ಥದಲ್ಲಿ ಮಾಮಾ ಎನ್ನುವುದರಿಂದ ನಮಗೂ ಆಕೆ ಮಾಮಾ. ಗಟ್ಟಿ ಗಂಟಲಿನ, ಗಟ್ಟಿ ಮನಸ್ಸಿನ ಹೆಂಗಸು. ಮಂಡಿ ಮಾತ್ರ ಗಟ್ಟಿ ಇಲ್ಲ. ಮಂಡಿ ಪೂರ್ತಿ ಕೈಕೊಡುವ ಮೊದಲು ಹಿಮ ಮುಟ್ಟಬೇಕು, ಉತ್ತರದ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತಲ್ಲ, ಅದನ್ನು ನೋಡಬೇಕು ಎಂದು ಆಕೆ ಹಟ ಹಿಡಿದಳು. ಇಬ್ಬರು ಹೆಣ್ಣುಮಕ್ಕಳು ಜೊತೆಗೆ ಹೊರಟರು. ನನ್ನ ಹೆಂಡತಿ ಬಾರದಿದ್ದರೆ ತಾನು ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಮಾಮಾ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು.

ಹೋಗಬೇಕಾದ್ದು ನಾರ್ವೆ ದೇಶದ ಮೇಲ್ತುದಿಗೆ. ಮೊದಲು ಪಶ್ಚಿಮದ ಒಂದು ಊರಿನಲ್ಲಿ ಮೂರು ದಿನ ಬೆಳಕು ನೋಡುವುದು. ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಪೂರ್ವದ ತುದಿಯ ಊರಿಗೆ ಹೋಗಿ ಹಿಮದ ಗಾಡಿ ಹತ್ತುವುದು. ಎರಡೂ ಊರಿನ ಹೆಸರು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ನಮ್ಮ ಕರಾವಳಿಯಲ್ಲಿ ಪಶ್ಚಿಮಕ್ಕೆ ಪಡು, ಪೂರ್ವಕ್ಕೆ ಮೂಡು. ಹಾಗಾಗಿ ನಾನು ಒಂದಕ್ಕೆ ಪಡು ನಿಲ್ದಾಣ, ಇನ್ನೊಂದಕ್ಕೆ ಮೂಡು ನಿಲ್ದಾಣ ಎಂದು ಹೆಸರಿಟ್ಟೆ. ಟಿಕೆಟ್ ಮಾಡುವ ಕೆಲಸ ಸಹಜವಾಗಿ ನನಗೇ ಬಂತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಜುಲೈ ತಿಂಗಳಲ್ಲಿ ನಾವು ಊರಿಗೆ ಹೋಗುವಾಗ ಮಂಗಳೂರಿನಲ್ಲಿ ಜಡಿಮಳೆ. ನಮ್ಮ ವಿಮಾನ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ. ವಿಮಾನ ಕೆಳಗಿಳಿದು, ಇನ್ನೇನು ಚಕ್ರ ಮುಟ್ಟಿತು ಎನ್ನುವಾಗ ಮೂಗೆತ್ತಿ ಸೊಯ್ಯನೆ ಮೇಲಕ್ಕೆ ಹೋಯಿತು. ಸಮುದ್ರದ ಮೇಲೆ ಇಪ್ಪತ್ತು ನಿಮಿಷ ಸುತ್ತಿ ಎರಡನೆಯ ಸಲ ಇಳಿಯಿತು. ಹೊರಗೆ ಬಂದು ಸೂಟ್‌ಕೇಸಿಗೆ ಕಾಯುತ್ತಿದ್ದಾಗ ನನ್ನ ಹೆಂಡತಿ, “ಇನ್ನು ಈ ಗುಡ್ಡ ಬೇಡ ಮಾರಾಯ್ರೆ. ನನಗೆ ಹೆದರಿಕೆ ಆಗ್ತದೆ. ಬೆಂಗಳೂರಲ್ಲಿ ಇಳಿದು ಬಸ್ಸಲ್ಲಿ ಬರುವ” ಎಂದಳು. ನಾನು ಒಂದೇ ಮಾತಿಗೆ ಒಪ್ಪಿದೆ. ಅಂದಿನಿಂದ ನಮ್ಮದು ಬೆಂಗಳೂರು ದಾರಿ. ನಾಲ್ಕೂವರೆ ಗಂಟೆಯಲ್ಲಿ ಮನೆ ಹತ್ತಿರ ಇಳಿಯಬಹುದಾದವರು ಬಸ್ಸಿನಲ್ಲಿ ಕುಳಿತು, ಘಾಟಿಯಲ್ಲಿ ಹೊಟ್ಟೆ ತೊಳಸಿಕೊಂಡು, ಬರುವುದರಲ್ಲಿ ಒಂದು ದಿನ, ಹೋಗುವುದರಲ್ಲಿ ಒಂದು ದಿನ ಕಳೆದುಕೊಳ್ಳುತ್ತಿದ್ದೆವು. ನೆಂಟರು ನಕ್ಕರೆ ನಾನು, “ಎಂತ ಮಾಡುದು, ಇವಳಿಗೆ ಹೆದರಿಕೆ” ಎನ್ನುತ್ತಿದ್ದೆ. ಅವಳು ಸುಮ್ಮನೆ ಕುಳಿತಿರುತ್ತಿದ್ದಳು. ವಿಮಾನ ಇಳಿಯುವಾಗ ಅವಳ ಕೈ ಹಿಡಿದುಕೊಳ್ಳುವುದು ನನ್ನ ಜವಾಬ್ದಾರಿ ಎಂದು ನಾನೇ ವಹಿಸಿಕೊಂಡಿದ್ದೆ.

ಹಾಗಾಗಿ ನಾರ್ವೆಯ ಸುದ್ದಿ ಬಂದಾಗ ಅವಳು ಕೇಳಿದ ಪ್ರಶ್ನೆ ನನಗೆ ಆಶ್ಚರ್ಯ ತರಲಿಲ್ಲ. ಊಟ ಮಾಡುತ್ತಿದ್ದೆವು. ಮನೆಯಲ್ಲಿ ನಮ್ಮ ಮಾತು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆ ಎರಡು ಊರಿನ ನಡುವೆ ಎಷ್ಟು ಹೊತ್ತು?” ಎಂದು ಕೇಳಿದಳು.

ನಾನು ತುತ್ತು ನುಂಗುವ ಮೊದಲೇ ಉತ್ತರ ಕೊಟ್ಟೆ. ಭೂಪಟದ ಮೇಲ್ತುದಿಯಲ್ಲಿ ಊರುಗಳು ನಿಜಕ್ಕಿಂತ ದೂರ ಕಾಣುತ್ತವೆ, ಅಲ್ಲಿ ನೆಲವನ್ನು ಹಪ್ಪಳದ ಹಾಗೆ ಲಟ್ಟಿಸಿ ಅಗಲ ಮಾಡಿರುತ್ತಾರೆ. ಆ ಗುಟ್ಟು ಗೊತ್ತಿರುವುದರಿಂದ ನಾನು ಮೋಸ ಹೋಗಲಿಲ್ಲ. ನಾನೂರು ಚಿಲ್ಲರೆ ಕಿಲೋಮೀಟರ್. ಮಂಗಳೂರಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವುದಕ್ಕಿಂತ ತುಸು ಜಾಸ್ತಿ. “ಒಂದು ಗಂಟೆ” ಎಂದೆ. “ಒಂದು ಸಲ ಏರುದು, ಒಂದು ಸಲ ಇಳಿಯುದು. ನೀನು ಕಣ್ಣು ಮುಚ್ಚಿ ತೆಗೆಯುವಾಗ ಆಯಿತು.”

“ಒಂದೇ ಸಲ ಇಳಿಯುದಲ್ವಾ?”

“ಒಂದೇ ಸಲ.”

ಮರುದಿನ ಆಫೀಸಿನಲ್ಲಿ ಸ್ಕ್ರೀನ್ ತೆರೆದೆ. ಒಂದು ಗಂಟೆಯ ವಿಮಾನ ಇತ್ತು, ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ವಾರದಲ್ಲಿ ಅವರು ಹೊರಡುವ ದಿನ ಅದು ಹಾರುವುದಿಲ್ಲ. ಆ ದಿನ ಇದ್ದದ್ದು ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಒಂದು ಚಿಕ್ಕ ವಿಮಾನ. ಅದು ನಮ್ಮ ಮಂಗಳೂರು–ಉಡುಪಿ ಸರ್ವಿಸ್ ಬಸ್ಸಿನ ಹಾಗೆ ದಾರಿಯಲ್ಲಿ ಮೂರು ಊರಿಗೆ ಇಳಿದು, ಜನ ಹತ್ತಿಸಿ ಇಳಿಸಿ, ಮತ್ತೆ ಏರಿ ಹೋಗುತ್ತದೆ. ಒಟ್ಟು ಎರಡೂಮುಕ್ಕಾಲು ಗಂಟೆ. ನಾಲ್ಕು ಸಲ ಏರುವುದು, ನಾಲ್ಕು ಸಲ ಇಳಿಯುವುದು. ಹೋಟೆಲು, ಹಿಮದ ಗಾಡಿ ಎಲ್ಲ ನಿಗದಿಯಾಗಿದ್ದರಿಂದ ದಿನ ಬದಲಿಸಲು ಮಾಮಾನ ಮಕ್ಕಳು ಒಪ್ಪಲಿಲ್ಲ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿಬಿಡಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಹೇಳಿದರೆ ಅವಳು ಹೋಗುವುದಿಲ್ಲ, ಅವಳು ಹೋಗದಿದ್ದರೆ ಮಾಮಾ ಹೋಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಅರ್ಧ ಕಾರಣ. ಒಂದು ಗಂಟೆ ಎಂದು ಬಾಯಿಬಿಟ್ಟ ಮೇಲೆ ಎರಡೂಮುಕ್ಕಾಲು ಎನ್ನಲು ನನ್ನ ಇಪ್ಪತ್ತಾರು ವರ್ಷದ ಸರ್ವೀಸು ಬಿಡಲಿಲ್ಲ.

ಟಿಕೆಟ್ ಪ್ರಿಂಟ್ ಕೈಗೆ ಕೊಟ್ಟಾಗ ಅವಳು ಕನ್ನಡಕ ಹಾಕಿಕೊಂಡು ಓದಿದಳು. “ಒಂಬತ್ತೂವರೆಗೆ ಹೊರಟು ಹನ್ನೆರಡೂಕಾಲಿಗೆ ಮುಟ್ಟುದು ಅಂತ ಉಂಟಲ್ಲ?”

“ಅಲ್ಲಿ ಗಡಿಯಾರವೇ ಬೇರೆ” ಎಂದೆ. “ಪೂರ್ವಕ್ಕೆ ಹೋದ ಹಾಗೆ ಹೊತ್ತು ಮುಂದೆ ಹೋಗ್ತದೆ. ಮಂಗಳೂರಲ್ಲಿ ಗಂಟೆ ಹನ್ನೆರಡಾದಾಗ ಇಲ್ಲಿ ಒಂಬತ್ತೂವರೆ ಅಲ್ವಾ, ಹಾಗೆ.”

ಇಪ್ಪತ್ತಾರು ವರ್ಷ ಜನರಿಗೆ ಲೋಕಲ್ ಟೈಮ್ ಎಂದರೇನು ಎಂದು ತಿಳಿಸಿ ಹೇಳಿದ ಬಾಯಿಯಿಂದ ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಕ್ಷಣಕಾಲ ನಂಬಿದೆ. ಅವಳು “ಹೌದಾ” ಎಂದು ಕಾಗದ ಮಡಚಿಟ್ಟಳು. ಹತ್ತನೆಯ ಕ್ಲಾಸಿನ ಮಗಳು ಸೋಫಾದಲ್ಲಿ ಮಲಗಿ ಫೋನ್ ನೋಡುತ್ತಿದ್ದಳು. ಹೆಂಡತಿ ಅಡುಗೆಮನೆಗೆ ಹೋದ ಮೇಲೆ ತಲೆಯೆತ್ತಿದಳು.

“ಅಪ್ಪಾ, ದಟ್ಸ್ ನಾಟ್ ಟ್ರೂ. ಸೇಮ್ ಟೈಮ್ ಝೋನ್. ಅಂಡ್ ಇಟ್ ಸ್ಟಾಪ್ಸ್ ತ್ರೀ ಟೈಮ್ಸ್.”

“ಅಮ್ಮನಿಗೆ ಹೇಳಬೇಡ. ಹೆದರುತ್ತಾಳೆ” ಎಂದೆ.

ಅವಳು ಭುಜ ಹಾರಿಸಿ ಮತ್ತೆ ಫೋನಿಗೆ ಮುಖ ಹಾಕಿದಳು. ಈಗಿನ ಮಕ್ಕಳ ಈ ಭುಜ ಹಾರಿಸುವುದಕ್ಕೆ ಹೌದು ಎಂದು ಅರ್ಥವೋ ಅಲ್ಲ ಎಂದೋ ನನಗೆ ಇವತ್ತಿಗೂ ತಿಳಿಯದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಯಾರೇ ವಿಮಾನ ಹತ್ತಲಿ, ಇಳಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದು ರಿಂಗ್ ಎಂದರೆ ‘ಮುಟ್ಟಿದೆ’. ಇನ್ನೊಂದು ಕಡೆಯವರು ಫೋನ್ ತೆಗೆಯಬಾರದು, ತೆಗೆದರೆ ದುಡ್ಡು ಹೋಯಿತು. ಊರಿಗೆ ಒಂದು ನಿಮಿಷ ಮಾತಾಡಲು ಯೋಚಿಸಬೇಕಾಗಿದ್ದ ಕಾಲದಲ್ಲಿ ಗಲ್ಫಿನ ಮನೆಗಳಲ್ಲೆಲ್ಲ ಹುಟ್ಟಿದ ಅಭ್ಯಾಸ ಇದು. ಈಗ ವಾಟ್ಸಾಪ್ ಬಂದಿದೆ, ಮುಖ ನೋಡಿ ಪುಕ್ಕಟೆ ಮಾತಾಡಬಹುದು. ಆದರೂ ಆ ಒಂದು ರಿಂಗ್ ಕೇಳದಿದ್ದರೆ ನನಗೆ ಮುಟ್ಟಿದ ಹಾಗೆ ಆಗುವುದಿಲ್ಲ. ಹೊರಡುವ ದಿನ ನಿಲ್ದಾಣದಲ್ಲಿ ನಾನು ಟ್ರಾಲಿ ತರಲು ಹೋಗಿ ಬಂದಾಗ ತಾಯಿ ಮಗಳು ಏನೋ ಮಾತಾಡುತ್ತ ನಿಂತಿದ್ದರು. ನಾನು ಹತ್ತಿರ ಬಂದ ಕೂಡಲೇ ಮಾತು ನಿಂತಿತು. “ಇಳಿದ ಕೂಡ್ಲೆ ರಿಂಗ್ ಕೊಡು” ಎಂದೆ. “ಇಳಿದಿಳಿದ ಕೂಡ್ಲೆ ಕೊಡ್ತೇನೆ” ಎಂದಳು. ಆ ಎರಡನೆಯ ‘ಇಳಿದ’ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಪಡು ಊರಿನ ಮೂರು ದಿನ ಚೆನ್ನಾಗಿ ಕಳೆಯಿತು. ಫೋಟೊಗಳು ಬಂದವು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ನೀಲಿ ಬೆಳಕು, ಮತ್ತೆ ಕತ್ತಲೆ. ಒಂದು ಫೋಟೊದಲ್ಲಿ ಮಾಮಾ ಹಿಮದ ಉಂಡೆ ಹಿಡಿದು ಮಗುವಿನ ಹಾಗೆ ನಗುತ್ತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಮುಚ್ಚಿಕೊಂಡು ನಿಂತಿದ್ದಳು. ನಾಲ್ಕನೆಯ ದಿನ ನಾನು ಆಫೀಸಿಗೆ ಹೋಗಿ ಫೋನನ್ನು ಟೇಬಲಿನ ನಡುವೆ ಇಟ್ಟುಕೊಂಡೆ. ಅಲ್ಲಿ ಒಂಬತ್ತೂವರೆ ಎಂದರೆ ನಮಗೆ ಹನ್ನೊಂದೂವರೆ.

ಹನ್ನೆರಡು ಗಂಟೆ ದಾಟಿ ಹತ್ತು ನಿಮಿಷಕ್ಕೆ ಫೋನ್ ಒಂದು ಸಲ ಹೊಡೆದು ನಿಂತಿತು. ಅವಳ ಹೆಸರು.

ನನಗೆ ಸಂತೋಷವಾಗಬೇಕಿತ್ತು. ಮುಖ ಬಿಸಿಯಾಯಿತು. ಅದು ಮೊದಲ ಇಳಿತ. ಪಾಪ, ಮುಟ್ಟಿದೆ ಎಂದು ತಿಳಿದು ರಿಂಗ್ ಕೊಟ್ಟಿದ್ದಾಳೆ, ಈಗ ಬೆಲ್ಟ್ ಬಿಚ್ಚಿ ಏಳುತ್ತಾಳೆ, ಗಗನಸಖಿ ಕೂರಿ ಎನ್ನುತ್ತಾಳೆ, ಆಗ ನನ್ನ ಬಣ್ಣ ಬಯಲು. ಅಷ್ಟರಲ್ಲಿ ಭಾಯಿ, “ಎಂತ, ಮುಟ್ಟಿದ್ರಾ?” ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದ ಪ್ರಶ್ನೆಗಳಿಗೂ ನಾನು ಉತ್ತರ ಕೊಡುತ್ತ ಇಡೀ ಕಥೆ ಹೇಳಿಬಿಟ್ಟೆ.

ಅವರು ಕೇಳಿ ಹುಬ್ಬೇರಿಸಿದರು. “ಗಡಿಯಾರ ಬೇರೆ ಅಂತ ಹೇಳಿದ್ರಾ? ನೀವು ಸಾಮಾನ್ಯ ಜನ ಅಲ್ಲ ಮಾರಾಯ್ರೆ.”

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಎರಡನೆಯ ರಿಂಗ್. ಒಂದೂವರೆಗೆ ಸ್ವಲ್ಪ ಮೊದಲು ಮೂರನೆಯದು. ಒಂದೊಂದಕ್ಕೂ ನನ್ನ ಎದೆಯ ಭಾರ ಒಂದಿಷ್ಟು ಇಳಿಯಿತು. ಅವಳು ಸಿಟ್ಟಿನಲ್ಲಿದ್ದರೂ ರಿಂಗ್ ಕೊಡುತ್ತಿದ್ದಾಳಲ್ಲ, ಸಿಟ್ಟು ಮಾಡುವವಳು ಕ್ಷೇಮವಾಗಿದ್ದಾಳೆ ಎಂದೇ ಅರ್ಥ. ಇನ್ನು ಒಂದೇ ಬಾಕಿ. ಎರಡೂಕಾಲಿಗೆ ನಾಲ್ಕನೆಯದು ಬಂದರೆ ಮುಗಿಯಿತು. ಬೈಗುಳ ತಿನ್ನಲು ನಾನು ಸಿದ್ಧನಾಗಿ ಕುಳಿತೆ.

ಎರಡೂಕಾಲು ಆಯಿತು. ಎರಡೂವರೆ ಆಯಿತು. ಫೋನ್ ಸುಮ್ಮನೆ ಬಿದ್ದಿತ್ತು. ಎರಡೂಮುಕ್ಕಾಲಿಗೆ ನಾನೇ ಫೋನ್ ಮಾಡಿದೆ. ಸಿಗುತ್ತಿಲ್ಲ ಎಂದು ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಹೇಳಿತು. ಮಾಮಾನ ಮಕ್ಕಳ ನಂಬರ್ ನನ್ನ ಹತ್ತಿರ ಇರಲಿಲ್ಲ. ಟಿಕೆಟಿಗೆ ಮಾತಾಡಿದ್ದೆಲ್ಲ ಅವರ ಡ್ರೈವರ್ ಮೂಲಕ.

ವಿಮಾನಗಳು ಎಲ್ಲಿ ಹಾರುತ್ತಿವೆ ಎಂದು ತೋರಿಸುವ ಒಂದು ಸೈಟನ್ನು ಭಾಯಿ ಅವರ ಕಂಪ್ಯೂಟರಿನಲ್ಲಿ ತೆರೆದರು. ಇಬ್ಬರೂ ಬಗ್ಗಿ ನೋಡಿದೆವು. ನಾರ್ವೆಯ ಮೇಲ್ತುದಿಯಲ್ಲಿ ಒಂದು ಗೆರೆ. ಮೂರನೆಯ ಊರಿನಿಂದ ಹೊರಟು, ಮೂಡು ನಿಲ್ದಾಣದ ಹತ್ತಿರ ಹೋಗಿ, ಅಲ್ಲಿ ನೂಲಿನ ಸಿಕ್ಕಿನ ಹಾಗೆ ಎರಡು ಸುತ್ತು ಸುತ್ತಿತ್ತು. ಆಮೇಲೆ ಗೆರೆ ಇರಲಿಲ್ಲ.

“ಆ ಕಡೆ ಸಿಗ್ನಲ್ ಕಮ್ಮಿ ಇರ್ತದೆ” ಎಂದರು ಭಾಯಿ.

“ಹೌದು, ಕಮ್ಮಿ ಇರ್ತದೆ” ಎಂದೆ ನಾನು. ಗಿರಾಕಿಗಳಿಗೆ ಇದೇ ಮಾತನ್ನು ಎಷ್ಟೋ ಸಲ ಹೇಳಿದ್ದೆ. ಹೇಳಿಸಿಕೊಂಡಾಗ ಅದರಲ್ಲಿ ಹುರುಳೇ ಕಾಣಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ಗುಡ್ಡ, ಮೂಗೆತ್ತಿದ ವಿಮಾನ ಎಲ್ಲ ಹಾಗೆ ಹಾಗೆಯೇ ನೆನಪಿಗೆ ಬಂತು. ಆವತ್ತು ನಾನು ಅವಳ ಪಕ್ಕದಲ್ಲಿದ್ದೆ. ಇವತ್ತು ಅವಳು ಕತ್ತಲೆಯಲ್ಲಿ, ಹಿಮದಲ್ಲಿ, ಒಂದು ಚಿಕ್ಕ ವಿಮಾನದಲ್ಲಿ, ನಾನಿಲ್ಲದೆ. ನನ್ನನ್ನು ಹಿಂಡಿದ್ದು ಅದಕ್ಕಿಂತಲೂ ಸಣ್ಣ ಸಂಗತಿ. ಮೂವತ್ತು ಕೆಜಿ ಬಟ್ಟೆ ತುಂಬಿ ಕಳಿಸಿದ ನಾನು ಅವಳಿಗೆ ಒಂದು ನಿಜ ಹೇಳಿ ಕಳಿಸಿರಲಿಲ್ಲ. ಏನಾದರೂ ಆಗಿಹೋದರೆ, ನಾನು ಅವಳಿಗೆ ಲೆಕ್ಕ ತಪ್ಪಿಸಿ ಹೇಳಿದ ಸುಳ್ಳೇ ನಮ್ಮಿಬ್ಬರ ನಡುವಿನ ಕೊನೆಯ ಮುಖ್ಯ ಮಾತಾಗಿ ಉಳಿಯುತ್ತದೆ. ಒಂದು ಗಂಟೆ ಅಂದಿದ್ದೆನಲ್ಲ, ಒಂದೇ ಸಲ ಇಳಿಯುವುದು ಅಂದಿದ್ದೆನಲ್ಲ. ನನಗೆ ಅಳು ಬಂತು. ಐವತ್ತೆರಡು ವರ್ಷದ ಗಂಡಸು ಗಿರಾಕಿಗಳ ಎದುರು ಅಳಬಾರದೆಂದು ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ.

ಅಷ್ಟರಲ್ಲಿ ಮಗಳ ಮೆಸೇಜ್ ಬಂತು. ಅಮ್ಮ ಮುಟ್ಟಿದಳಾ ಎಂದು ಕೇಳಿದ್ದಳು. ‘ಮುಟ್ಟಿದಳು’ ಎಂದು ಬರೆಯಲು ಬೆರಳು ಹೋಯಿತು, ಹಿಂದೆ ತೆಗೆದೆ. ‘ಇನ್ನೂ ಇಲ್ಲ. ನನಗೂ ಗೊತ್ತಾಗುತ್ತಿಲ್ಲ’ ಎಂದು ಬರೆದೆ. ಅವಳು ಕೈ ಮುಗಿದ ಚಿತ್ರ ಒಂದನ್ನು ಕಳಿಸಿದಳು.

ನನ್ನ ಹೆಂಡತಿ ಸಣ್ಣಪುಟ್ಟದ್ದಕ್ಕೆಲ್ಲ ಮುಡಿಪು ಕಟ್ಟುವವಳು. ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಪರವಾನಗಿಯ ನವೀಕರಣ ತಡವಾದರೆ, ಮಗಳಿಗೆ ಜ್ವರ ಬಂದರೆ, ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಊರಿನ ದೈವಕ್ಕೆ ಹೇಳಿಕೊಂಡು ಅಕ್ಕಿ ಡಬ್ಬದ ಹಿಂದೆ ಇಡುತ್ತಾಳೆ. ನಾನು ತಮಾಷೆ ಮಾಡುತ್ತಿದ್ದೆ, ನಮ್ಮ ದೈವಕ್ಕೆ ಕುವೈತಿನ ವೀಸಾ ಉಂಟಾ ಎಂದು. ಅಂದು ನಾಲ್ಕು ಗಂಟೆಗೆ ನಾನು ಕಿಸೆಯಿಂದ ನೂರು ಫಿಲ್ಸಿನ ಒಂದು ನಾಣ್ಯ ತೆಗೆದೆ. ಆಫೀಸಿನಲ್ಲಿ ಹಳದಿ ಬಟ್ಟೆ ಎಲ್ಲಿಂದ ಬರಬೇಕು? ಟಿಶ್ಯೂ ಪೇಪರಿನಲ್ಲಿ ಸುತ್ತಿ, ಪಾಸ್‌ಪೋರ್ಟುಗಳಿಗೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದು, ಕಣ್ಣು ಮುಚ್ಚಿ ಹೇಳಿಕೊಂಡು ಡ್ರಾಯರಿನಲ್ಲಿಟ್ಟೆ. ಕಣ್ಣು ತೆರೆದಾಗ ಭಾಯಿ ನೋಡುತ್ತಿದ್ದರು. ನಗಲಿಲ್ಲ. “ನಾನೂ ದುವಾ ಮಾಡಿದ್ದೇನೆ” ಎಂದರು.

ನಾಲ್ಕೂಮುಕ್ಕಾಲಿಗೆ ಫೋನ್ ಹೊಡೆಯಿತು. ಕುವೈತಿನದೇ ನಂಬರ್, ಹೆಸರಿಲ್ಲ. ನಾನು ಫೋನನ್ನೇ ನೋಡುತ್ತ ಕುಳಿತೆ. ಒಂದು ರಿಂಗ್ ಆಯಿತು. ಇನ್ನು ನಿಲ್ಲುತ್ತದೆ ಎಂದುಕೊಂಡೆ. ಎರಡಾಯಿತು, ಮೂರಾಯಿತು. ನಿಲ್ಲಲೊಲ್ಲದು. ತೆಗೆಯಬಾರದು ಎಂಬುದು ಮೈಗೆ ಎಷ್ಟು ಹತ್ತಿತ್ತೆಂದರೆ ಕೈ ಮುಂದೆ ಹೋಗಲಿಲ್ಲ.

“ತೆಗೀರಿ ಮಾರಾಯ್ರೆ! ಎಂತ ನೋಡ್ತಾ ಕೂತದ್ದು?” ಎಂದು ಭಾಯಿ ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಿದರು.

ತೆಗೆದೆ. “ಹಲೋ, ನಾನು” ಎಂದಳು.

ಹೋದ ಜೀವ ಬಂದಂತಾಯಿತು ಎಂದು ಜನ ಹೇಳುವುದು ಇದಕ್ಕೇ ಇರಬೇಕು. ಭಾಯಿಗೆ ಹೆಬ್ಬೆರಳು ಎತ್ತಿ ತೋರಿಸಿದೆ.

“ಹಲೋ, ಲೈನ್ ಉಂಟಾ? ಮುಟ್ಟಿದೆ ಮಾರಾಯ್ರೆ. ಈಗ ಇಳಿದದ್ದು. ನನ್ನ ಫೋನಲ್ಲಿ ಚಾರ್ಜ್ ಇಲ್ಲ, ಮಾಮಾ ಕಿಟಕಿಯಿಂದ ಹಿಮದ ವೀಡಿಯೊ ತೆಗೆದು ತೆಗೆದು ಖಾಲಿ ಮಾಡಿದ್ರು. ಇದು ಅವರ ದೊಡ್ಡ ಮಗಳ ಫೋನ್.”

“ಎಂತ ಆಯ್ತು?” ಎಂದೆ ಹೇಗೋ.

ಮೂಡು ನಿಲ್ದಾಣದಲ್ಲಿ ಹಿಮದ ಗಾಳಿ ಎದ್ದಿತ್ತಂತೆ. ಇಳಿಯಲು ಹೋದ ವಿಮಾನ ಮತ್ತೆ ಮೇಲಕ್ಕೆದ್ದು, ಎರಡು ಸುತ್ತು ಹಾಕಿ, ಮೂರನೆಯ ಊರಿಗೇ ಹಿಂದಿರುಗಿ ಇಳಿಯಿತಂತೆ. ಅಲ್ಲಿ ಒಂದು ಗಂಟೆ ಕೂರಿಸಿ, ಕಾಫಿ ಕೊಟ್ಟು, ಗಾಳಿ ನಿಂತ ಮೇಲೆ ಮತ್ತೆ ಹೊರಟಿತಂತೆ. ಮಕ್ಕಳಿಬ್ಬರೂ ಅಷ್ಟು ಹೊತ್ತು ಹೋಟೆಲಿನವರ ಜೊತೆ ಫೋನಿನಲ್ಲೇ ಇದ್ದರಂತೆ, ಕೇಳಲು ಇವಳಿಗೆ ಸಂಕೋಚ. ಕೊನೆಗೆ ಇಳಿದ ಕೂಡಲೇ ಮಾಮಾ ತಾನೇ ಮಗಳ ಕೈಯಿಂದ ಫೋನ್ ಕಸಿದು ಇವಳಿಗೆ ಕೊಟ್ಟಳಂತೆ. ಹಿಂದಿನಿಂದ ಆಕೆಯ ದನಿ ನನಗೂ ಕೇಳುತ್ತಿತ್ತು, “ಖಲಾಸ್, ಖಲಾಸ್!” ಎಂದು, ಎಲ್ಲ ಮುಗಿಯಿತು ಎನ್ನುವ ಅರಬಿ ಮಾತು.

“ಹಾಗಾದ್ರೆ ಒಟ್ಟು ಐದು ಸಲ ಇಳಿದದ್ದು” ಎಂದಳು ನನ್ನ ಹೆಂಡತಿ. “ನಾಲ್ಕಲ್ಲ.”

ನಾಲ್ಕು ಎಂದು ಇವಳಿಗೆ ಹೇಗೆ ಗೊತ್ತು?

“ಮಗಳು ಅಲ್ಲೇ ಕುವೈತಲ್ಲೇ ಹೇಳಿದ್ದಾಳೆ, ನೀವು ಟ್ರಾಲಿ ತರ್ಲಿಕ್ಕೆ ಹೋದಾಗ. ನೀವು ಹೇಳ್ತೀರಾ ಅಂತ ವಿಮಾನ ಹತ್ತುವವರೆಗೆ ಕಾದೆ. ನೀವು ಎಲ್ಲಿ ಹೇಳುದು!”

“ಗೊತ್ತಿದ್ದೂ ಹೋದೆಯಾ? ಹೆದರಿಕೆ ಆಗ್ಲಿಲ್ವಾ?”

ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. “ನನಗೆ ಸ್ವಲ್ಪ ಆಗ್ತದೆ. ನಿಮ್ಮಷ್ಟು ಇಲ್ಲ. ಆವತ್ತು ಮಂಗಳೂರಲ್ಲಿ ನಿಮ್ಮ ಮುಖ ನೋಡಿದವಳು ನಾನು. ಕೈ ನೋಡಿದ್ರೆ ಒದ್ದೆ, ಐಸಿನ ಹಾಗೆ ತಣ್ಣಗೆ. ಟ್ರಾವೆಲ್ ಆಫೀಸಲ್ಲಿ ಕೂತವರಿಗೆ ವಿಮಾನದ ಹೆದರಿಕೆ ಅಂತ ಹೇಳ್ಲಿಕ್ಕೆ ಆಗ್ತದಾ? ಅದಕ್ಕೇ ನನಗೆ ಅಂತ ಹೇಳಿದ್ದು. ಇವತ್ತು ಒಂದೊಂದು ಸಲ ರಿಂಗ್ ಕೊಟ್ಟದ್ದೂ ನೀವು ಅಲ್ಲಿ ಕೂತು ಹೆದರ್ತೀರಿ ಅಂತ.”

ಹನ್ನೊಂದು ವರ್ಷ. ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ಜನರ ಎದುರು ನಾನು ಇವಳಿಗೆ ಹೆದರಿಕೆ ಎಂದಿದ್ದೆ. ಅವಳು ಒಂದು ಸಲವೂ ಅಲ್ಲ ಎಂದವಳಲ್ಲ. ನನ್ನ ಸುಳ್ಳು ಅವಳು ವಿಮಾನ ಹತ್ತುವವರೆಗೂ ಬಾಳಲಿಲ್ಲ. ಅವಳದು ಹನ್ನೊಂದು ವರ್ಷ ನನ್ನ ಮರ್ಯಾದೆ ಕಾಯಿತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು. ಬಚ್ಚಿಟ್ಟದ್ದು ಅವಳಿಗೆ ಗೊತ್ತು ಎಂದ ಮೇಲೆ ಇನ್ನು ಬಚ್ಚಿಡುವ ಕೆಲಸವಿಲ್ಲ.

“ತಪ್ಪಾಯ್ತು” ಎಂದೆ.

“ಆಯ್ತು ಬಿಡಿ. ಇಡ್ತೇನೆ, ಮಾಮಾನ ಕಾಲು ಜಾರ್ತದೆ ಇಲ್ಲಿ. ಊಟ ಮಾಡಿದ್ರಾ?”

ಮಾಡಿರಲಿಲ್ಲ. ಭಾಯಿ ಕೆಳಗಿನ ಅಂಗಡಿಯಿಂದ ಎರಡು ಚಹಾ, ಎರಡು ಸಮೋಸ ತರಿಸಿದರು. ನನ್ನ ಜನ್ಮದಲ್ಲಿ ಅಷ್ಟು ರುಚಿಯಾದ ಸಮೋಸ ತಿಂದಿಲ್ಲ.

ಮಾರ್ಚ್ ಕೊನೆಯಲ್ಲಿ ಮಗಳಿಗೆ ರಜೆ ಸಿಕ್ಕಿತು. ಊರಿಗೆ ಟಿಕೆಟ್ ಮಾಡಲು ಕುಳಿತವನು ಯಾರನ್ನೂ ಕೇಳದೆ ಸೀದಾ ಮಂಗಳೂರಿಗೆ ಮಾಡಿದೆ. ಮನೆಯಲ್ಲಿ ತೋರಿಸಿದಾಗ ಅವಳು ಕನ್ನಡಕ ಹಾಕಿಕೊಂಡು ಓದಿ, “ನಿಮಗೆ ಆಗ್ತದಾ?” ಎಂದು ಕೇಳಿದಳು. “ಹೆದರಿಕೆ ಉಂಟು. ಆದ್ರೂ ಹೋಗುವ” ಎಂದೆ. ಡ್ರಾಯರಿನಲ್ಲಿದ್ದ ಟಿಶ್ಯೂ ಪೇಪರಿನ ಮುಡಿಪನ್ನು ಕಿಸೆಗೆ ಹಾಕಿಕೊಂಡೆ, ಊರಿನಲ್ಲಿ ಒಪ್ಪಿಸಬೇಕಲ್ಲ.

ವಿಮಾನ ಕೆಳಗಿಳಿಯಲು ಶುರುವಾದಾಗ ಕಿಟಕಿಯ ಬಳಿ ಮಗಳು, ನಡುವೆ ಅವಳು, ಈಚೆ ನಾನು. ಕೆಳಗೆ ಹೊಳೆ ಕಂಡಿತು, ತೆಂಗು ಕಂಡಿತು, ಆಮೇಲೆ ಆ ಗುಡ್ಡ. ನನ್ನ ಅಂಗೈ ಬೆವರಿತು. ಅವಳು ನನ್ನ ಕಡೆ ನೋಡದೆಯೇ ಕೈಯನ್ನು ನಮ್ಮ ನಡುವೆ ಅಂಗಾತ ಇಟ್ಟಳು. ಈ ಸಲ ನಾನು ಅವಳ ಕೈ ಹಿಡಿಯುತ್ತಿದ್ದೇನೆ ಎಂದು ನಟಿಸಲಿಲ್ಲ. ನನ್ನ ಕೈಯನ್ನು ಅವಳಿಗೆ ಕೊಟ್ಟೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಚಕ್ರ ನೆಲ ಮುಟ್ಟಿತು, ಮೈಯೆಲ್ಲ ಒಮ್ಮೆ ಕುಲುಕಿತು, ಓಡಿ ಓಡಿ ನಿಧಾನವಾಯಿತು. ಸುತ್ತ ಜನ ಎದ್ದು ಬ್ಯಾಗು ಎಳೆಯಲು ಶುರುಮಾಡಿದರು. ನಾನಿನ್ನೂ ಕಣ್ಣು ಮುಚ್ಚಿಕೊಂಡೇ ಇದ್ದೆ. ಆಗ ನನ್ನ ಕಿಸೆಯಲ್ಲಿ ಫೋನ್ ಒಂದು ಸಲ ಹೊಡೆದು ನಿಂತಿತು. ಕಣ್ಣು ತೆರೆದು ನೋಡಿದರೆ ಪಕ್ಕದಲ್ಲೇ ಕುಳಿತ ಅವಳ ಹೆಸರು.